ಮೈಬಲವೂ ಪುಷ್ಟಿಪುಡಿಯೂ

ಬಲವನ್ನು ಬಯಸದ ಪ್ರಾಯವಿಲ್ಲ. ಆದರೆ ಹದಿನೆಂಟರಿಂದ ಇಪ್ಪತ್ತೆರಡರವರೆಗಿನ ಪ್ರಾಯದಲ್ಲಿ ಆ ಬಯಕೆಗೆ ಆತುರವೂ ಕೂಡಿಕೊಂಡಿರುತ್ತದೆ. ಕಾಲೇಜಿನಲ್ಲಿ ಓದುತ್ತ ಭಾರ ಎತ್ತುವ, ಕುಸ್ತಿಯಾಡುವ, ಗುಂಡೆಸೆಯುವ, ಕಬಡ್ಡಿಯಾಡುವ ತರುಣ ತರುಣಿಯರ ಈ ಆತುರವನ್ನು ಚೆನ್ನಾಗಿ ಅರಿತವರು ವರ್ತಕರು. ದೊಡ್ಡ ದೊಡ್ಡ ಡಬ್ಬಿಗಳಲ್ಲಿ, ಉಬ್ಬಿದ ತೋಳಿನ ಚಿತ್ರದೊಡನೆ ಬರುವ ಪುಷ್ಟಿಪುಡಿಗಳು ಈಗ ಬೆಂಗಳೂರಿಗಷ್ಟೇ ಸೀಮಿತವಾಗಿಲ್ಲ. ಅರಸೀಕೆರೆಯಂಥ ಊರಿನ ಹುಡುಗರ ಕೋಣೆಗಳಿಗೂ ಬಂದು ಕುಳಿತಿವೆ. ಇವುಗಳಿಂದ ಬಲ ಬರುತ್ತದೆಯೆ? ಬರುವುದಾದರೆ ಎಷ್ಟು? ಬಾರದಿದ್ದರೆ ಆ ಹಣಕ್ಕೆ ಬೇರೆ ಏನು ಸಿಕ್ಕೀತು? ಈ ಮೂರು ಪ್ರಶ್ನೆಗಳೇ ನನ್ನ ಇಂದಿನ ಭಾಷಣದ ವಿಷಯ.

ನಾನು ವೈದ್ಯನಲ್ಲ, ವ್ಯಾಯಾಮ ಶಿಕ್ಷಕನೂ ಅಲ್ಲ. ಕನ್ನಡವನ್ನು ಪಾಠ ಹೇಳಿ ನಿವೃತ್ತನಾದವನು. ಆದರೂ ಈ ವಿಷಯದಲ್ಲಿ ನಾಲ್ಕು ಮಾತು ಓದಿ ತಿಳಿಯಬೇಕಾದ ಪ್ರಸಂಗ ಒದಗಿತು. ತೆಂಗಿನ ತೋಟವನ್ನೇ ನಂಬಿದ ಮನೆಯ ಹುಡುಗನೊಬ್ಬ ಒಂದು ಡಬ್ಬಿಯನ್ನು ಹಿಡಿದು ಬಂದು, “ಸಾರ್, ಇದರ ಮೇಲೆ ಬರೆದಿರೋದನ್ನ ಸ್ವಲ್ಪ ನೋಡಿ ಹೇಳಿ, ನಿಜಾನಾ?” ಎಂದು ಕೇಳಿದ. ಅದಕ್ಕೆ ಹಣ ಎಲ್ಲಿಂದ ಬಂತಪ್ಪ ಎಂದು ವಿಚಾರಿಸಿದರೆ, ಬೆಳಗಿನ ತಿಂಡಿಯನ್ನು ಬಿಟ್ಟು ಉಳಿಸಿದ್ದೆಂದ. ಪುಷ್ಟಿಗಾಗಿ ಊಟವನ್ನು ಬಿಡುವುದೆಂದರೆ, ಬೇರನ್ನು ಕಡಿದು ಎಲೆಗೆ ನೀರು ಹನಿಸಿದಂತೆ. ಆ ಹುಡುಗನಿಗೆ ಸರಿಯಾದ ಉತ್ತರ ಕೊಡಬೇಕೆಂದು ಹುಡುಕಿದಾಗ ದೊರೆತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಸೀಮೆಗೆ ಬಲದ ಮಾತು ಹೊಸದಲ್ಲ. ಬೇಲೂರು, ಹಳೇಬೀಡುಗಳ ದೇವಾಲಯಗಳಿಗೆ ಹೋದವರೆಲ್ಲ ಮೃಗದೊಡನೆ ಹೋರುತ್ತಿರುವ ಸಳನ ಶಿಲ್ಪವನ್ನು ಕಂಡಿರುತ್ತಾರೆ. ಐತಿಹ್ಯದ ಸಳ ಗುರುವಿನ ಬಳಿ ಇದ್ದ ತರುಣ. ಇಂದಿನ ಮಾತಿನಲ್ಲಿ ವಿದ್ಯಾರ್ಥಿಯೆಂದೇ ಹೇಳಬಹುದು. ಒಂದು ರಾಜವಂಶವೇ ತನ್ನ ಲಾಂಛನವಾಗಿ ವಿದ್ಯಾರ್ಥಿಯೊಬ್ಬನ ಮೈಬಲವನ್ನು ಆರಿಸಿಕೊಂಡದ್ದು ಗಮನಾರ್ಹ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು ೧೧೧೭ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಅದಾದ ಹತ್ತು ಹದಿನೈದು ವರ್ಷಗಳೊಳಗೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ವಿಶ್ವಕೋಶವನ್ನು ರಚಿಸಿದ. ಅದರಲ್ಲಿ ‘ಮಲ್ಲವಿನೋದ’ವೆಂಬ ಪ್ರಕರಣವೊಂದುಂಟು. ಜಟ್ಟಿಗಳಿಗೆ ಉಣಿಸಬೇಕಾದ ಪುಷ್ಟಿಕರ ಆಹಾರವನ್ನು ಹೇಳುವ ಆ ಗ್ರಂಥ, ಅದರೊಂದಿಗೇ ಭಾರಶ್ರಮ, ಸಲಿಲಶ್ರಮ, ಸ್ತಂಭಶ್ರಮಗಳನ್ನೂ ಹೇಳುತ್ತದೆ. ಭಾರಶ್ರಮವೆಂದರೆ ಭಾರವನ್ನೆತ್ತುವ ಸಾಮು, ಸಲಿಲಶ್ರಮವೆಂದರೆ ಈಜು, ಸ್ತಂಭಶ್ರಮವೆಂದರೆ ಕಂಬವನ್ನು ಹಿಡಿದು ಮಾಡುವ ಸಾಮು. ಅನ್ನವೂ ಶ್ರಮವೂ ಒಂದೇ ಪ್ರಕರಣದಲ್ಲಿ ಜೊತೆಯಾಗಿ ಬರುವುದನ್ನು ನೋಡಬೇಕು. ಇಂದಿನ ಜಾಹೀರಾತು ಈ ಜೋಡಿಯನ್ನು ಮುರಿದು, ಅನ್ನದ ಸ್ಥಾನದಲ್ಲಿ ಡಬ್ಬಿಯನ್ನಿಟ್ಟು, ಶ್ರಮವನ್ನು ಚಿತ್ರದಲ್ಲಿ ಮಾತ್ರ ತೋರಿಸುತ್ತದೆ.

ಬಲ ಹೇಗೆ ಬೆಳೆಯುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಹೊಸದಾಗಿ ಭಾರ ಎತ್ತತೊಡಗಿದವನ ಬಲ ಮೊದಲ ಕೆಲವು ವಾರಗಳಲ್ಲಿ ಬೇಗಬೇಗನೆ ಏರುತ್ತದೆ. ಆಗ ಸ್ನಾಯು ಇನ್ನೂ ಅಷ್ಟಾಗಿ ದಪ್ಪವಾಗಿರುವುದಿಲ್ಲ. ಇರುವ ಸ್ನಾಯುವಿನ ಹೆಚ್ಚು ಎಳೆಗಳನ್ನು ಒಟ್ಟಿಗೆ ದುಡಿಸುವುದನ್ನು ನರಮಂಡಲ ಕಲಿತಿರುತ್ತದೆ. ಇದು ಕಲಿಕೆಯ ಬಲ. ಅನಂತರ ನಿಧಾನವಾಗಿ ಸ್ನಾಯು ಬೆಳೆಯುತ್ತದೆ. ಚೆನ್ನಾಗಿ ದುಡಿದ ಸ್ನಾಯು ಮುಂದಿನ ಒಂದೆರಡು ದಿನಗಳ ಕಾಲ ತನ್ನನ್ನು ತಾನೇ ಕಟ್ಟಿಕೊಳ್ಳುವ ಕೆಲಸದಲ್ಲಿ ತೊಡಗಿರುತ್ತದೆ. ಆ ಕಟ್ಟಡಕ್ಕೆ ಬೇಕಾದ ಸಾಮಗ್ರಿಯೇ ಸಸಾರಜನಕ, ಎಂದರೆ ಪ್ರೋಟೀನು. ಕಟ್ಟುವ ಹೊತ್ತು ಬಹುಮಟ್ಟಿಗೆ ನಿದ್ರೆ ಮತ್ತು ವಿಶ್ರಾಂತಿಯದು. ಭಾರವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋಗದಿದ್ದರೆ ಕಟ್ಟುವ ಆಜ್ಞೆಯೇ ಹೊರಡದು. ಪ್ರಾಚೀನ ಗ್ರೀಸಿನ ಜಟ್ಟಿ ಮಿಲೋ ದಿನವೂ ಕರುವೊಂದನ್ನು ಹೊತ್ತು, ಅದು ಬೆಳೆದು ಹೋರಿಯಾದಾಗಲೂ ಹೊರಬಲ್ಲವನಾದನೆಂಬ ಕಥೆಯ ತಿರುಳು ಇದೇ. ಆಜ್ಞೆ ಶ್ರಮದ್ದು, ಸಾಮಗ್ರಿ ಅನ್ನದ್ದು. ಆಜ್ಞೆಯಿಲ್ಲದೆ ಅಂಗಳದಲ್ಲಿ ಇಟ್ಟಿಗೆ ರಾಶಿ ಹಾಕಿದರೆ ಮನೆಯೇಳುವುದಿಲ್ಲ.

ಹಾಗಾದರೆ ಸಾಮಗ್ರಿ ಎಷ್ಟು ಬೇಕು? ಸಾಧಾರಣ ವಯಸ್ಕನಿಗೆ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ ೦.೮೩ ಗ್ರಾಂ ಸಸಾರಜನಕ ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ೨೦೨೦ರಲ್ಲಿ ಹೇಳಿದೆ. ಭಾರ ಎತ್ತುವವರಿಗೆ ಇದಕ್ಕಿಂತ ಹೆಚ್ಚು ಬೇಕು. ೨೦೧೮ರಲ್ಲಿ ವಿದ್ವಾಂಸರು ೪೯ ಪ್ರಯೋಗಗಳನ್ನು, ಅವುಗಳಲ್ಲಿ ಭಾಗವಹಿಸಿದ ೧೮೬೩ ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಸಸಾರಜನಕವನ್ನು ಹೆಚ್ಚಾಗಿ ಸೇವಿಸಿದವರು ಒಮ್ಮೆ ಎತ್ತಬಲ್ಲ ಗರಿಷ್ಠ ಭಾರ ಸರಾಸರಿ ೨.೪೯ ಕಿಲೋದಷ್ಟು ಹೆಚ್ಚು ಏರಿತ್ತು. ಇದು ವ್ಯಾಯಾಮದ ಅವಧಿಯಲ್ಲಿ ಒಟ್ಟು ಗಳಿಸಿದ ಬಲವೃದ್ಧಿಯಲ್ಲಿ ನೂರಕ್ಕೆ ಸುಮಾರು ಒಂಬತ್ತು ಪಾಲು. ಮಿಕ್ಕ ತೊಂಬತ್ತೊಂದು ಪಾಲು ಬೆವರಿನ ಸಂಪಾದನೆ. ಮೈತೂಕದ ಕಿಲೋ ಒಂದಕ್ಕೆ ೧.೬ ಗ್ರಾಮಿನಾಚೆಗೆ ಸೇವಿಸಿದ್ದರಿಂದ ಸ್ನಾಯುವಿನ ಬೆಳವಣಿಗೆಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲವೆಂಬುದು ಅದೇ ಅಧ್ಯಯನದ ಇನ್ನೊಂದು ತೀರ್ಮಾನ.

ಅರುವತ್ತು ಕಿಲೋ ತೂಕದ ವಿದ್ಯಾರ್ಥಿಗೆ ಈ ಲೆಕ್ಕದಲ್ಲಿ ದಿನಕ್ಕೆ ೯೬ ಗ್ರಾಂ ಬೇಕಾಗುತ್ತದೆ. ಇದನ್ನು ನಮ್ಮ ಅಡುಗೆಮನೆಯಲ್ಲೇ ಹುಡುಕೋಣ. ಎರಡು ಮುದ್ದೆಗೆ ಸಾಲುವ ೨೦೦ ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು ೧೪ ಗ್ರಾಂ ಸಸಾರಜನಕವಿದೆ. ೧೫೦ ಗ್ರಾಂ ಅಕ್ಕಿಯಲ್ಲಿ ೧೨. ೬೦ ಗ್ರಾಂ ತೊಗರಿಬೇಳೆಯಲ್ಲಿ ೧೩. ೫೦ ಗ್ರಾಂ ಹುರುಳಿಕಾಳಿನಲ್ಲಿ ೧೧. ಅರ್ಧ ಲೀಟರು ಹಾಲಿನಲ್ಲಿ ೧೬. ಮೂರು ಮೊಟ್ಟೆಗಳಲ್ಲಿ ೧೮. ೫೦ ಗ್ರಾಂ ಕಡಲೆಕಾಯಿ ಬೀಜದಲ್ಲಿ ೧೨. ಕೂಡಿಸಿದರೆ ೯೬. ಮೊಟ್ಟೆ ತಿನ್ನದವರು ಹುರಿಗಡಲೆ, ಹೆಸರುಕಾಳು, ಮೊಸರು, ಸೋಯಾಗಳನ್ನು ಹೆಚ್ಚಿಸಿಕೊಳ್ಳಬಹುದು. ಧಾನ್ಯದಲ್ಲಿ ಕೊರತೆಯಾಗುವ ಲೈಸಿನ್ ಎಂಬ ಅಂಶ ಕಾಳಿನಲ್ಲಿದೆ. ಕಾಳಿನಲ್ಲಿ ಕೊರತೆಯಾಗುವ ಮೆಥಿಯೊನಿನ್ ಧಾನ್ಯದಲ್ಲಿದೆ. ಮುದ್ದೆಗೆ ಹುರುಳಿಯ ಬಸ್ಸಾರನ್ನು ಜೊತೆ ಮಾಡಿದ ನಮ್ಮ ಹಿರಿಯರಿಗೆ ಈ ಹೆಸರುಗಳು ತಿಳಿಯದಿದ್ದರೂ ಜೋಡಿ ತಪ್ಪಿರಲಿಲ್ಲ. ಆದರೆ ಒಂದು ಮಾತು. ಅರಸೀಕೆರೆಯ ಸಂಪತ್ತಾದ ಕೊಬ್ಬರಿಯನ್ನು ಮಾತ್ರ ಈ ಪಟ್ಟಿಗೆ ಸೇರಿಸಲಾಗದು. ಅದು ಶಕ್ತಿ ತುಂಬುವ ಜಿಡ್ಡು. ಅದರ ಸಸಾರಜನಕ ಸ್ವಲ್ಪ. ಊರಭಿಮಾನದಿಂದ ಲೆಕ್ಕ ಬದಲಾಗುವುದಿಲ್ಲ.

ಅಂಗಡಿಯ ಪ್ರೋಟೀನು ಪುಡಿಗೆ ಇದರಲ್ಲಿ ಸ್ಥಾನವೇ ಇಲ್ಲವೆ? ಇದೆ, ಆದರೆ ಅದು ಅನುಕೂಲದ ಸ್ಥಾನ. ಆ ಪುಡಿಯಲ್ಲಿ ಬಹುಪಾಲು ಹಾಲಿನದೇ ಅಂಶ. ಚೀಸು ಮಾಡುವಾಗ ಉಳಿಯುವ ತಿಳಿನೀರನ್ನು ಒಣಗಿಸಿ ಮಾಡಿದ್ದು. ಅದು ವಿಷವಲ್ಲ, ಅಮೃತವೂ ಅಲ್ಲ. ಪ್ರಯಾಣದಲ್ಲಿರುವವನಿಗೆ, ಊಟ ಸರಿಹೋಗದ ಕಡೆ ತಂಗಿರುವವನಿಗೆ ಕೊರತೆ ತುಂಬಬಲ್ಲ ಹಾಲಿನ ಪುಡಿ. ಊಟದಿಂದಲೇ ೯೬ ಗ್ರಾಂ ದೊರೆಯುತ್ತಿದ್ದರೆ ಪುಡಿಯ ಚಮಚ ಹೆಚ್ಚಿನದೇನನ್ನೂ ಕೊಡದು. ಮಿತಿಮೀರಿ ದೀರ್ಘಕಾಲ ಸೇವಿಸಿದರೆ ಮೂಳೆಗೂ ಮೂತ್ರಪಿಂಡಕ್ಕೂ ಕೇಡಾಗಬಹುದೆಂದು ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೪ರ ತನ್ನ ಆಹಾರಸೂತ್ರಗಳಲ್ಲಿ ಎಚ್ಚರಿಸಿದೆ.

ಪುಡಿಗಳೆಲ್ಲ ವ್ಯರ್ಥವೆಂದರೆ ಅದೂ ಸತ್ಯವಾಗದು. ಬಲದ ವಿಷಯದಲ್ಲಿ ಪರೀಕ್ಷೆಗೆ ನಿಂತು ಗೆದ್ದದ್ದು ಒಂದಿದೆ. ಅದರ ಹೆಸರು ಕ್ರಿಯಾಟಿನ್. ೧೮೩೨ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರಲ್ ಇದನ್ನು ಮಾಂಸದ ಸಾರದಲ್ಲಿ ಕಂಡುಹಿಡಿದ. ನಮ್ಮ ದೇಹವೇ ದಿನಕ್ಕೆ ಸುಮಾರು ಒಂದು ಗ್ರಾಂ ಕ್ರಿಯಾಟಿನ್ನನ್ನು ತಯಾರಿಸಿಕೊಳ್ಳುತ್ತದೆ. ಒಮ್ಮೆಗೇ ದೊಡ್ಡ ಭಾರವನ್ನೆತ್ತುವಾಗ ಸ್ನಾಯುವಿನ ಕೈಯಲ್ಲಿರುವ ಶಕ್ತಿಯ ನಾಣ್ಯ ಎರಡು ಮೂರು ಸೆಕೆಂಡುಗಳಲ್ಲಿ ತೀರಿಹೋಗುತ್ತದೆ. ಆಗ ತಟ್ಟನೆ ಕೈಗಡ ಕೊಡುವ ನೆರೆಯವನೇ ಕ್ರಿಯಾಟಿನ್. ಇದರ ಆಸರೆ ಸುಮಾರು ಹತ್ತು ಸೆಕೆಂಡಿನದು. ೧೯೯೨ರಲ್ಲಿ ಹ್ಯಾರಿಸ್ ಮತ್ತು ಸಂಗಡಿಗರು, ಬಾಯಿಂದ ಸೇವಿಸಿದ ಕ್ರಿಯಾಟಿನ್ ಸ್ನಾಯುವಿನಲ್ಲಿ ಕೂಡಿಡಲ್ಪಡುತ್ತದೆಂದು ತೋರಿಸಿದರು. ಅಂದಿನಿಂದ ನಡೆದ ನೂರಾರು ಪರೀಕ್ಷೆಗಳ ಒಟ್ಟು ಸಾರವೇನೆಂದರೆ, ದಿನಕ್ಕೆ ೩ರಿಂದ ೫ ಗ್ರಾಂ ಸೇವಿಸಿ ಭಾರದ ಸಾಮು ಮಾಡುವವರು ಒಂದೆರಡು ಬಾರಿ ಹೆಚ್ಚಾಗಿ ಎತ್ತಬಲ್ಲವರಾಗುತ್ತಾರೆ. ಆ ಹೆಚ್ಚಿನ ಎತ್ತುಗಳು ತಿಂಗಳುಗಟ್ಟಲೆ ಸೇರಿ ಬಲವಾಗುತ್ತವೆ. ಇಲ್ಲಿಯೂ ಪುಡಿ ನೇರವಾಗಿ ಬಲ ಕೊಡಲಿಲ್ಲ. ಹೆಚ್ಚು ಶ್ರಮಪಡುವ ಅವಕಾಶವನ್ನು ಕೊಟ್ಟಿತು. ಶ್ರಮಿಸದೆ ಮಲಗಿದವನಿಗೆ ಅದರಿಂದ ಬರುವುದು ಸ್ನಾಯುವಿನಲ್ಲಿ ನಿಂತ ನೀರಿನ ತೂಕವಷ್ಟೆ.

ಕ್ರಿಯಾಟಿನ್ ಆಹಾರದಲ್ಲಿ ದೊರೆಯುವುದು ಮುಖ್ಯವಾಗಿ ಮಾಂಸ ಮೀನುಗಳಿಂದ. ಆದುದರಿಂದ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಅದರ ಸಂಗ್ರಹ ಕಡಿಮೆ. ಪುಡಿಯಿಂದ ಅವರಿಗಾಗುವ ಏರಿಕೆ ಹೆಚ್ಚು. ಮೂತ್ರಪಿಂಡ ಆರೋಗ್ಯವಾಗಿರುವವರಿಗೆ ಈ ಪ್ರಮಾಣದಲ್ಲಿ ಹಾನಿ ಕಂಡುಬಂದಿಲ್ಲ. ಆದರೆ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಅಂಕಿ ಏರಿ ಕಾಣಬಹುದಾದ್ದರಿಂದ ವೈದ್ಯರಿಗೆ ಮುಂಚೆಯೇ ತಿಳಿಸಬೇಕು; ಮೂತ್ರಪಿಂಡದ ತೊಂದರೆಯಿರುವವರು ಅವರನ್ನು ಕೇಳದೆ ಮುಟ್ಟಲೇಬಾರದು. ಮೊದಲ ವಾರಗಳಲ್ಲಿ ಮೈತೂಕ ಒಂದೆರಡು ಕಿಲೋ ಏರುವುದುಂಟು. ಕುಸ್ತಿ, ವೇಟ್‌ಲಿಫ್ಟಿಂಗ್‌ಗಳಂಥ ತೂಕವರ್ಗದ ಸ್ಪರ್ಧೆಗಳಲ್ಲಿ ಈ ಒಂದೆರಡು ಕಿಲೋಗಳೇ ಹುಡುಗನನ್ನು ಮೇಲಿನ ವರ್ಗಕ್ಕೆ ತಳ್ಳಿಬಿಡಬಹುದು.

ಪರೀಕ್ಷೆಯಲ್ಲಿ ಗೆದ್ದ ಎರಡನೆಯ ವಸ್ತುವಿಗಾಗಿ ಅಂಗಡಿಗೆ ಹೋಗಬೇಕಾಗಿಲ್ಲ. ಬೇಲೂರಿನಿಂದ ಪಶ್ಚಿಮಕ್ಕೆ ನಾಲ್ಕು ಹೆಜ್ಜೆ ಹೋದರೆ ಅದರ ತೋಟಗಳೇ ಇವೆ. ಅದು ಕಾಫಿಯ ಕೆಫೀನ್. ಸ್ಪರ್ಧೆಗೆ ಸುಮಾರು ಒಂದು ಗಂಟೆ ಮೊದಲು ಮೈತೂಕದ ಕಿಲೋ ಒಂದಕ್ಕೆ ೩ ಮಿಲಿಗ್ರಾಮಿನಷ್ಟು ಕೆಫೀನ್ ಸೇವಿಸಿದರೆ ಬಲದ ಪ್ರದರ್ಶನ ಸ್ವಲ್ಪ ಉತ್ತಮಗೊಳ್ಳುತ್ತದೆ. ಅರುವತ್ತು ಕಿಲೋದವನಿಗೆ ಇದು ಎರಡು ಲೋಟ ಗಟ್ಟಿ ಕಾಫಿಯಷ್ಟಾದೀತು. ಚಿಕೋರಿಯಲ್ಲಿ ಕೆಫೀನ್ ಇಲ್ಲವೆಂಬುದನ್ನು ಮರೆಯಬಾರದು. ಚಿಕೋರಿ ಹೆಚ್ಚಿದಷ್ಟೂ ಲೋಟ ಕಪ್ಪಾಗುತ್ತದೆಯೇ ಹೊರತು ಬಲವಾಗದು. ಕೆಫೀನನ್ನು ೨೦೦೪ರಲ್ಲಿ ಕ್ರೀಡೆಯ ನಿಷಿದ್ಧ ಪಟ್ಟಿಯಿಂದ ತೆಗೆದರು. ಆದರೆ ಸಂಜೆ ಕುಡಿದ ಕಾಫಿ ರಾತ್ರಿಯ ನಿದ್ರೆಯನ್ನು ಕದ್ದರೆ, ಸ್ನಾಯು ಕಟ್ಟಿಕೊಳ್ಳುವ ಹೊತ್ತನ್ನೇ ಕದ್ದಂತೆ. ಅದಕ್ಕೆ ಮಿತಿ ಬೇಕು.

ಮಿಕ್ಕ ಡಬ್ಬಿಗಳ ಮಾತನ್ನು ಬೇಗ ಮುಗಿಸಬಹುದು. ಬಿ.ಸಿ.ಎ.ಎ. ಎಂದು ಮಾರುವುದು ಸಸಾರಜನಕದ ಮೂರು ತುಣುಕುಗಳನ್ನು. ಬೇಳೆ, ಹಾಲು, ಮೊಟ್ಟೆಗಳನ್ನು ಉಣ್ಣುವವನಿಗೆ ಅವು ಈಗಾಗಲೇ ದೊರೆತಿರುತ್ತವೆ. ಪುರುಷ ಹಾರ್ಮೋನನ್ನು ಏರಿಸುತ್ತದೆಂದು ದುಬಾರಿ ಬೆಲೆಗೆ ಮಾರುವ ಟ್ರಿಬ್ಯುಲಸ್ ಬೇರೇನೂ ಅಲ್ಲ, ನಮ್ಮ ಬಯಲುಸೀಮೆಯ ದಾರಿಗಳಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲುಮುಳ್ಳು. ೨೦೦೭ರಲ್ಲಿ ಆಸ್ಟ್ರೇಲಿಯದ ರಗ್ಬಿ ಆಟಗಾರರಿಗೆ ಐದು ವಾರ ಇದನ್ನು ಕೊಟ್ಟು ನೋಡಿದಾಗ, ಹುಸಿಗುಳಿಗೆ ತಿಂದವರಿಗಿಂತ ಬಲದಲ್ಲಾಗಲಿ ಸ್ನಾಯುವಿನಲ್ಲಾಗಲಿ ಹೆಚ್ಚಳವೇನೂ ಕಾಣಲಿಲ್ಲ. ಅಶ್ವಗಂಧದ ವಿಷಯದಲ್ಲಿ ಕೆಲವು ಸಣ್ಣ ಪ್ರಯೋಗಗಳು ಅನುಕೂಲವಾಗಿ ನುಡಿದಿವೆ. ಆದರೆ ಭಾಗವಹಿಸಿದವರು ಕೆಲವರೇ. ಅದರ ಸೇವನೆಯಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳೂ ವರದಿಯಾಗಿವೆ. ತೀರ್ಪು ಬರುವವರೆಗೆ ಕಾಯುವುದು ಲೇಸು.

ಇನ್ನು ನನ್ನ ವಿದ್ಯೆಗೆ ಸೇರಿದ ಮಾತು. ಆ ಹುಡುಗ ತಂದ ಡಬ್ಬಿಯ ಬರಹವನ್ನು ನಾನು ಪಠ್ಯವೊಂದನ್ನು ಓದುವಂತೆ ಓದಿದೆ. ಮುಂದುಗಡೆ ದಪ್ಪಕ್ಷರದಲ್ಲಿ ವಿಶೇಷಣಗಳ ಮೆರವಣಿಗೆ. ಕ್ರಿಯಾಪದ ಮಾತ್ರ ಬಲು ಎಚ್ಚರದ್ದು. ‘ಬಲ ಕೊಡುತ್ತದೆ’ ಎಂದು ಎಲ್ಲಿಯೂ ಇಲ್ಲ. ‘ಬಲಕ್ಕೆ ನೆರವಾಗಬಹುದು’ ಎಂದಿದೆ. ವ್ಯಾಕರಣದಲ್ಲಿ ಇದನ್ನು ಸಂಭಾವನಾರ್ಥವೆನ್ನುತ್ತೇವೆ. ಜಾಹೀರಾತಿನ ಚಿತ್ರ ನಿಶ್ಚಯಾರ್ಥದಲ್ಲಿ ಮಾತನಾಡಿದರೆ, ವಾಕ್ಯ ಸಂಭಾವನಾರ್ಥದಲ್ಲಿ ತಪ್ಪಿಸಿಕೊಳ್ಳುತ್ತದೆ. ಹಿಂಬದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ದ್ರವ್ಯಗಳ ಹೆಸರು ಕೊಟ್ಟು, ಎಲ್ಲಕ್ಕೂ ಸೇರಿ ‘ನಮ್ಮ ವಿಶೇಷ ಮಿಶ್ರಣ’ವೆಂದು ಒಂದೇ ತೂಕ ಹೇಳಿದೆ. ಯಾವುದು ಎಷ್ಟೆಂದು ತಿಳಿಯದ ಪಟ್ಟಿ ಪಟ್ಟಿಯಲ್ಲ, ನಾಮಾವಳಿ. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಲೇಬೇಕು; ಆದರೆ ಅದು ತಯಾರಕನ ಪರವಾನಗಿಯೇ ಹೊರತು ಪ್ರತಿ ಡಬ್ಬಿಯನ್ನೂ ಪರೀಕ್ಷಿಸಿದ ಮುದ್ರೆಯಲ್ಲ.

ಬರೆದದ್ದೂ ಒಳಗಿರುವುದೂ ಒಂದೇ ಆಗಿರುತ್ತದೆಂಬ ಭರವಸೆಯೂ ಇಲ್ಲ. ೨೦೨೪ರಲ್ಲಿ ಕೇರಳದ ವೈದ್ಯರೂ ಅವರ ಸಂಗಡಿಗರೂ ಭಾರತದಲ್ಲಿ ಮಾರಾಟವಾಗುವ ೩೬ ಪ್ರೋಟೀನು ಪುಡಿಗಳನ್ನು ಪರೀಕ್ಷಿಸಿ ಪ್ರಕಟಿಸಿದರು. ನೂರಕ್ಕೆ ಸುಮಾರು ಎಪ್ಪತ್ತು ಪಾಲು ಡಬ್ಬಿಗಳಲ್ಲಿ ಸಸಾರಜನಕದ ಪ್ರಮಾಣವನ್ನು ತಪ್ಪಾಗಿ ನಮೂದಿಸಲಾಗಿತ್ತು. ಕೆಲವು ಹೇಳಿದ್ದರ ಅರ್ಧದಷ್ಟನ್ನು ಮಾತ್ರ ಒಳಗೊಂಡಿದ್ದವು. ನೂರಕ್ಕೆ ಹದಿನಾಲ್ಕರಲ್ಲಿ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ದೊರೆಯಿತು. ಉಪವಾಸವಿದ್ದು ಉಳಿಸಿದ ಹಣಕ್ಕೆ ಇದು ಪ್ರತಿಫಲವಾದರೆ ಯಾರನ್ನು ಕೇಳುವುದು?

ಇದಕ್ಕಿಂತ ದೊಡ್ಡ ಗಂಡಾಂತರ ಇನ್ನೊಂದಿದೆ. ಬಲವರ್ಧಕವೆಂಬ ಕೆಲವು ಪುಡಿ ಗುಳಿಗೆಗಳಲ್ಲಿ, ಪಟ್ಟಿಯಲ್ಲಿ ಹೆಸರಿಲ್ಲದ ನಿಷಿದ್ಧ ಸ್ಟೆರಾಯ್ಡುಗಳು ಬೆರೆತಿರುವುದುಂಟು. ಕರ್ನಾಟಕದವರು ಮರೆಯಲಾಗದ ಪ್ರಕರಣ ೨೦೧೧ರದು. ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ೨೦೧೦ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡೆಗಳ ರಿಲೇಯಲ್ಲಿ, ಬಳಿಕ ಗುವಾಂಗ್‌ಜೌ ಏಷ್ಯನ್ ಕ್ರೀಡೆಗಳ ರಿಲೇ ಮತ್ತು ೪೦೦ ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದಾಗ ನಾಡೇ ಹಿಗ್ಗಿತು. ಮರುವರ್ಷ ಅವರೂ ಅವರ ಸಹ ಓಟಗಾರ್ತಿಯರೂ ಸ್ಟೆರಾಯ್ಡು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ವಿದೇಶಿ ತರಬೇತುದಾರ ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್ ಪೂರಕದಲ್ಲಿ ಆ ವಸ್ತು ಬೆರೆತಿತ್ತೆಂಬುದು ಅವರ ವಾದ. ದೇಶದ ಶಿಸ್ತು ಸಮಿತಿ ಒಂದು ವರ್ಷದ ನಿಷೇಧ ವಿಧಿಸಿತು. ೨೦೧೨ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಲಿ ಅದನ್ನು ಎರಡು ವರ್ಷಕ್ಕೇರಿಸಿತು. ಆ ವರ್ಷದ ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕ್ರೀಡೆಯ ಕಾನೂನಿನಲ್ಲಿ ದೇಹದೊಳಗೆ ಸಿಕ್ಕಿದ್ದಕ್ಕೆಲ್ಲ ದೇಹದ ಒಡೆಯನೇ ಹೊಣೆ; ‘ನನಗೆ ತಿಳಿಯದು’ ಎಂಬುದು ಶಿಕ್ಷೆಯನ್ನು ತಗ್ಗಿಸೀತು, ತಪ್ಪನ್ನು ಅಳಿಸದು. ವಿಶ್ವವಿದ್ಯಾನಿಲಯಗಳ ಕ್ರೀಡಾಕೂಟಕ್ಕೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೂ ಇದೇ ನಿಯಮ. ಸ್ವತಂತ್ರ ಸಂಸ್ಥೆಗಳು ಪರೀಕ್ಷಿಸಿ ಮುದ್ರೆಯೊತ್ತಿದ ಡಬ್ಬಿಗಳಿಂದ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ.

ಕುಂದಾಪುರದ ಬಳಿಯ ವಂಡ್ಸೆಯವರೇ ಆದ ಗುರುರಾಜ ಪೂಜಾರಿಯವರ ಉದಾಹರಣೆಯನ್ನೂ ಹೇಳಬೇಕು. ವಾಹನ ಚಾಲಕರ ಮಗ. ಉಜಿರೆಯ ಕಾಲೇಜಿನಲ್ಲಿ ಓದುವಾಗ ಭಾರ ಎತ್ತಲು ಕಲಿತವರು. ಮನೆಯಲ್ಲಿ ಆರಂಭದ ದಿನಗಳಲ್ಲಿ ಬೇಕಾದ ಆಹಾರಕ್ಕೂ ಪೂರಕಗಳಿಗೂ ಹಣವಿರಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ೨೦೧೮ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ೨೪೯ ಕಿಲೋ ಎತ್ತಿ ಬೆಳ್ಳಿ ಗೆದ್ದರು. ೨೦೨೨ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ೨೬೯ ಕಿಲೋ ಎತ್ತಿ ಕಂಚು ಪಡೆದರು. ಇದರಿಂದ ಬಡತನವೇ ಬಲಕ್ಕೆ ಮೂಲವೆಂದು ತೀರ್ಮಾನಿಸುವುದು ಕ್ರೂರವಾದೀತು. ಹಣವಿಲ್ಲದ ಕಾಲದಲ್ಲಿಯೂ ಬುನಾದಿ ಹಾಕಬಲ್ಲದ್ದು ಶ್ರಮವೊಂದೇ. ಆ ಬುನಾದಿಯ ಮೇಲೆ ಆಹಾರ ಬರಬೇಕು, ಅದರ ಮೇಲೆ ಮಿಕ್ಕದ್ದು.

ಆದುದರಿಂದ ನಮ್ಮ ತರುಣರಿಗೆ ನಾನು ಹೇಳುವ ಕ್ರಮವಿಷ್ಟೆ. ಮೊದಲು ಬಲ್ಲ ಗುರುವಿನ ಕೆಳಗೆ ಏರುತ್ತ ಹೋಗುವ ಸಾಮು. ಎರಡನೆಯದು ಎಂಟು ಗಂಟೆಯ ನಿದ್ರೆ. ಮೂರನೆಯದು ಮೂರು ಹೊತ್ತಿನ ತುಂಬಿದ ಊಟ. ಇವು ಮೂರೂ ಒಂದು ವರ್ಷ ತಪ್ಪದೆ ನಡೆದ ಮೇಲೆ, ಹದಿನೆಂಟು ತುಂಬಿದವನ ಕೈಯಲ್ಲಿ ಹಣ ಮಿಕ್ಕಿದ್ದರೆ, ವೈದ್ಯರನ್ನು ಕೇಳಿ, ಪರೀಕ್ಷೆಗೊಳಗಾದ ಕ್ರಿಯಾಟಿನ್ನಿನ ಮಾತನ್ನು ಆಡಬಹುದು. ಕಾಲೇಜುಗಳ ಆಡಳಿತದವರಿಗೂ ಒಂದು ಬಿನ್ನಹ: ಕ್ರೀಡಾಪಟುಗಳಿಗೆ ವರ್ಷಕ್ಕೊಮ್ಮೆ ಶಾಲು ಹೊದಿಸುವ ಹಣದಲ್ಲಿ ವಿದ್ಯಾರ್ಥಿನಿಲಯದ ತಟ್ಟೆಗೆ ದಿನವೂ ಒಂದು ಲೋಟ ಹಾಲು, ಒಂದು ಹಿಡಿ ಕಾಳು, ಎರಡು ಮೊಟ್ಟೆ ಸೇರುವಂತಾದರೆ ಪದಕಗಳು ತಾವೇ ದಾರಿ ಹುಡುಕಿಕೊಂಡು ಬರುತ್ತವೆ. ಡಬ್ಬಿ ತಂದ ಆ ಹುಡುಗನಿಗೆ ನಾನು ಬರೆದುಕೊಟ್ಟದ್ದು ಮೇಲೆ ಹೇಳಿದ ೯೬ ಗ್ರಾಮಿನ ಲೆಕ್ಕವನ್ನು. ಅದರ ಮೊದಲ ಸಾಲಿನಲ್ಲಿದ್ದದ್ದು ಅವನು ಬಿಟ್ಟಿದ್ದ ಬೆಳಗಿನ ತಿಂಡಿ.